ಅಗ್ಗದ ಬಾಸ್ ಪಿಕಪ್: ಮರ ಕೊರೆಯುವ ಮೊದಲು ಇದನ್ನು ಓದಿ

ಮನೆಯಲ್ಲೇ ಮೊದಲ ಬಾಸ್ ಗಿಟಾರ್ ಕಟ್ಟಲು ಹೊರಟಿದ್ದೀರಾ? ಪಿಕಪ್, ಅಂದರೆ ತಂತಿಯ ಅದುರನ್ನು ಹಿಡಿದು ಆಂಪ್‌ಗೆ ಕಳಿಸುವ ಭಾಗ, ಕೈಗೆ ಬಂದು, ಅದನ್ನು ನೀವೇ ಅಳೆದು ನೋಡುವವರೆಗೆ ಮರ ಕೊರೆಯಬೇಡಿ. ಮಾರುವವರು ಕಳಿಸುವ ಅಳತೆಯ ಚಿತ್ರವನ್ನೂ ನಂಬಬೇಡಿ, ಡಬ್ಬದ ಮೇಲೆ ಬರೆದದ್ದನ್ನೂ ನಂಬಬೇಡಿ. ನಾನು ಮೈಸೂರಿನವನು. ನನಗೆ ಮಾರಿದ ಸೆಟ್ ಇನ್ನೂ ಮಾರಾಟವಾಗುತ್ತಿದೆ. ಅದಕ್ಕೇ ನಡೆದದ್ದನ್ನು ಬಿಡಿಸಿ ಬರೆಯುತ್ತಿದ್ದೇನೆ.

ತಗೊಂಡದ್ದು ಪಿ-ಜೆ ಸೆಟ್, ಅಂದರೆ ಫೆಂಡರ್ ಕಂಪನಿಯ ಪ್ರಿಸಿಷನ್ ಬಾಸ್ ಥರದ ಒಂದು ಪಿಕಪ್ (ಪಿ), ಜಾಝ್ ಬಾಸ್ ಥರದ ಒಂದು (ಜೆ). ಎರಡು ತುಂಡಿನ ಪಿ ಪಿಕಪ್ ಬಾಡಿಯ ನಡುಭಾಗದಲ್ಲಿ, ಉದ್ದನೆಯ ಜೆ ಪಿಕಪ್ ತಂತಿಗಳು ಕೂರುವ ಬ್ರಿಡ್ಜ್ ಹತ್ತಿರ. ಬೆಲೆ 1,400 ರೂಪಾಯಿ. ಫೆಂಡರ್, ಸೆಮೋರ್ ಡಂಕನ್ ತರಹದ ಹೆಸರಾದ ಪಿಕಪ್‌ಗೆ ಹಲವು ಸಾವಿರ ಆಗುತ್ತದೆ. ಕೈ ಪಳಗಲೆಂದು ಮಾಡುವ ಮೊದಲ ಬಾಸ್‌ಗೆ ಅಷ್ಟು ಹಾಕುವುದು ಕಷ್ಟ. ಈ ಸೆಟ್ ಬಗ್ಗೆ ಆನ್‌ಲೈನಿನಲ್ಲಿ ಬರೆದಿದ್ದದ್ದು ಹೀಗೆ: ಆಲ್ನಿಕೋ 5 (ಒಂದು ಮಿಶ್ರಲೋಹ) ಮ್ಯಾಗ್ನೆಟ್, ಪಿ ಪಿಕಪ್‌ನಲ್ಲಿ ಹಮ್ಮಿಂಗ್ ಇಲ್ಲ, ಎಲ್ಲಾ ಸ್ಟ್ಯಾಂಡರ್ಡ್ ಅಳತೆ. ಮೂರೂ ಸುಳ್ಳು.

ಮೊದಲು ಹಮ್ಮಿಂಗ್ ವಿಷಯ. ಮನೆಯಲ್ಲಿ ಸಣ್ಣ ಆಂಪ್‌ಗೆ ಹಾಕಿದಾಗಲೇ ಗುಂಯ್ ಅನ್ನುತ್ತಿತ್ತು. ಹಳೇ ಮನೆ, ಅರ್ತಿಂಗ್ ಸರಿಯಿಲ್ಲವೇನೋ ಅಂದುಕೊಂಡು ಅರ್ತಿಂಗ್ ಚೆಕ್ ಮಾಡಿಸಿದೆ, ಸರಿಯಿತ್ತು. ಬ್ರಿಡ್ಜ್‌ಗೆ ಅರ್ತ್ ವೈರ್ ಇತ್ತು. ಹಮ್ಮಿಂಗ್ ತಡೆಯಲು, ಪಿಕಪ್ ಕೂರುವ ಗುಂಡಿಗಳ ಒಳಗೆ ತಾಮ್ರದ ಟೇಪ್ ಕೂಡ ಅಂಟಿಸಿದ್ದೆ. ಆಮೇಲೆ ಶ್ರೀರಂಗಪಟ್ಟಣದ ಹತ್ತಿರದ ಒಂದು ಊರಿನಲ್ಲಿ ಗಣೇಶನ ಹಬ್ಬದ ಆರ್ಕೆಸ್ಟ್ರಾಕ್ಕೆ ಇದನ್ನೇ ತಗೊಂಡು ಹೋದೆ. ಅಂಥ ಸ್ಟೇಜ್ ಹೇಗಿರುತ್ತದೆ ಗೊತ್ತಲ್ವಾ? ಸುತ್ತ ಸೀರಿಯಲ್ ಸೆಟ್, ತಲೆ ಮೇಲೆ ಟ್ಯೂಬ್‌ಲೈಟ್, ಹಿಂದೆ ಜನರೇಟರ್. ಹಾಡು ನಿಂತ ಕೂಡಲೇ ನನ್ನ ಬಾಸ್‌ನ ಗುಂಯ್ ಸದ್ದು ಸ್ಪೀಕರ್ ತುಂಬ. ಸೌಂಡ್ ನೋಡಿಕೊಳ್ಳಲು ಕೂತಿದ್ದವರು ಕೊನೆಗೆ ನನ್ನ ಲೈನ್ ಪೂರ್ತಿ ಇಳಿಸಿಬಿಟ್ಟರು. ತಿಂಗಳುಗಟ್ಟಲೆ ಉಜ್ಜಿ, ಪಾಲಿಶ್ ಮಾಡಿ ಕಟ್ಟಿದ ಬಾಸ್ ಹಿಡಿದು ಸದ್ದಿಲ್ಲದೆ ನಿಲ್ಲುವುದು ತುಂಬಾ ನೋವಿನ ವಿಷಯ.

ಪಿ ಪಿಕಪ್ ಹಾಗೆ ಗುಂಯ್ ಅನ್ನಬಾರದು. 1957ರಲ್ಲಿ ಫೆಂಡರ್‌ನವರು ಪ್ರಿಸಿಷನ್ ಬಾಸ್‌ನ ಪಿಕಪ್ಪನ್ನು ಎರಡು ತುಂಡು ಮಾಡಿದ ಮೇಲೆ ಅದರ ದೊಡ್ಡ ಗುಣವೇ ಇದು. ಒಂದು ತುಂಡಿನ ಕಾಯಿಲ್ (ಸುತ್ತಿದ ತಾಮ್ರದ ವೈರ್) ಒಂದು ದಿಕ್ಕಿಗಿದ್ದರೆ ಇನ್ನೊಂದರದು ಉಲ್ಟಾ. ಮ್ಯಾಗ್ನೆಟ್ ಕೂಡ ಉಲ್ಟಾ. ಕರೆಂಟಿನ 50 ಹರ್ಟ್ಜ್ ಸದ್ದು ಎರಡರಲ್ಲೂ ಒಂದಕ್ಕೊಂದು ಹೊಡೆದು ಹೋಗುತ್ತದೆ, ತಂತಿಯ ಸದ್ದು ಮಾತ್ರ ಉಳಿಯುತ್ತದೆ. ನನಗೆ ಬಂದ ಸೆಟ್‌ನಲ್ಲಿ ಎರಡು ತುಂಡೂ ಒಂದೇ ಥರದವು. ಕಾಯಿಲ್ ಒಂದೇ ದಿಕ್ಕು, ಮ್ಯಾಗ್ನೆಟ್ ಒಂದೇ ದಿಕ್ಕು. ಅಲ್ಲಿಗೆ ಹಮ್ಮಿಂಗ್ ಹೋಗುವ ಬದಲು ಒಂದಕ್ಕೊಂದು ಸೇರಿ ಇನ್ನೂ ಜಾಸ್ತಿ.

ಒಂದು ತುಂಡಿನ ಎರಡು ವೈರ್ ಅದಲು ಬದಲು ಮಾಡಿದರೆ ಸರಿಹೋಗುತ್ತೆ ಅಂತ ಕೆಲವರು ಹೇಳುತ್ತಾರೆ. ಮಾಡಿ ನೋಡಿದೆ. ಹಮ್ಮಿಂಗ್ ನಿಜಕ್ಕೂ ಇಳಿಯಿತು. ಆದರೆ ಜೆ ಪಿಕಪ್ಪನ್ನೂ ಜೊತೆಗೆ ತೆರೆದರೆ ನಾಲ್ಕರಲ್ಲಿ ಎರಡು ತಂತಿಗಳ ಸದ್ದು ತೆಳ್ಳಗಾಗಿ, ಒಳಗೆ ಏನೂ ಇಲ್ಲದ ಹಾಗೆ ಕೇಳುತ್ತದೆ. ಮ್ಯಾಗ್ನೆಟ್ ಉಲ್ಟಾ ಆಗದೆ ವೈರ್ ಮಾತ್ರ ಉಲ್ಟಾ ಆಗಿರುವುದರಿಂದ ಆ ತುಂಡು ಜೆ ಜೊತೆ ಎದುರಾಬದುರು ನಿಲ್ಲುತ್ತದೆ. ಪಿ ಒಂದೇ ಇರುವ ಬಾಸ್‌ಗೆ ಈ ಉಪಾಯ ನಡೆಯುತ್ತದೆ, ಪಿ-ಜೆಗೆ ನಡೆಯುವುದಿಲ್ಲ. ಮ್ಯಾಗ್ನೆಟ್ಟನ್ನೇ ಕಿತ್ತು ತಿರುಗಿಸಿ ಅಂಟಿಸಬಹುದು. ಆದರೆ ಒಳಗಿನ ತಾಮ್ರದ ವೈರ್ ತಲೆಕೂದಲಷ್ಟು ಸಣ್ಣ. ಅಂಟು ಕೀಳುವಾಗ ಅದು ತುಂಡಾದರೆ ಪಿಕಪ್ ಸತ್ತ ಹಾಗೇ.

ಮ್ಯಾಗ್ನೆಟ್ ನೋಡಲು ಅಡಿ ತಿರುಗಿಸಿದಾಗಲೇ ಎರಡನೇ ಸುಳ್ಳು ಕಂಡದ್ದು. ಆಲ್ನಿಕೋ ಬಾಸ್ ಪಿಕಪ್‌ನಲ್ಲಿ ಸಾಮಾನ್ಯವಾಗಿ ಮೇಲೆ ಕಾಣುವ ಗುಂಡು ಕಡ್ಡಿಗಳೇ ಮ್ಯಾಗ್ನೆಟ್. ಇದರಲ್ಲಿ ಅವು ಬರೀ ಕಬ್ಬಿಣದ ಕಡ್ಡಿಗಳು. ಅಡಿಯಲ್ಲಿ ಕಪ್ಪು ಸೆರಾಮಿಕ್ ಪಟ್ಟಿ ಅಂಟಿಸಿದ್ದರು. ಸೆರಾಮಿಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕಡಿಮೆ ಬೆಲೆಯ ಎಷ್ಟೋ ಫ್ಯಾಕ್ಟರಿ ಬಾಸ್‌ಗಳಲ್ಲಿ ಅದೇ ಇರುತ್ತದೆ, ಚೆನ್ನಾಗಿಯೇ ನುಡಿಯುತ್ತವೆ. ಸೆರಾಮಿಕ್ ಕೊಟ್ಟು ಆಲ್ನಿಕೋ ಅಂತ ದುಡ್ಡು ತಗೊಳ್ಳುವುದು ಮೋಸ.

ಇನ್ನು ಅಳತೆ. ಇದು ನನ್ನನ್ನು ಎಲ್ಲಕ್ಕಿಂತ ಜಾಸ್ತಿ ನೋಯಿಸಿದ ವಿಷಯ. ಗಿಟಾರಿನ ಬಾಡಿ ಹಲಸಿನ ಮರದ್ದು. ನಮ್ಮ ಕಡೆ ವೀಣೆ ಮಾಡುವುದೂ ಹಲಸಿನಲ್ಲೇ ಅಲ್ವಾ, ಆ ಆಸೆಯಿಂದ ಸಾಮಿಲ್‌ನಲ್ಲಿ ಹುಡುಕಿ ಒಣಗಿದ ಹಲಗೆ ತಂದಿದ್ದೆ. ಮಾರುವವರು ಕಳಿಸಿದ ಚಿತ್ರದ ಪ್ರಕಾರ ನಮ್ಮ ಬೀದಿಯ ಆಚಾರ್ರು ರೂಟರ್ ಮೆಷಿನ್ನಿನಲ್ಲಿ ಬಹಳ ನೀಟಾಗಿ ಗುಂಡಿ ಕೊರೆದರು. ಜೆ ಪಿಕಪ್‌ನಲ್ಲಿ ಸಾಮಾನ್ಯವಾಗಿ ಎರಡು ಉದ್ದ ಇರುತ್ತವೆ. ನೆಕ್ ಕಡೆಯದು ಸುಮಾರು 92 ಮಿಲಿಮೀಟರ್, ಬ್ರಿಡ್ಜ್ ಕಡೆಯದು ಎರಡು ಮೂರು ಮಿಲಿಮೀಟರ್ ಜಾಸ್ತಿ. ಬ್ರಿಡ್ಜ್ ಕಡೆಗೆ ಹೋದಂತೆ ತಂತಿಗಳು ಅಗಲವಾಗುತ್ತವೆ, ಅದಕ್ಕೆ ಹಾಗೆ. ಚಿತ್ರದಲ್ಲಿದ್ದದ್ದು ಉದ್ದದ್ದು, ಬಂದದ್ದು ಗಿಡ್ಡದ್ದು. ಗುಂಡಿಯಲ್ಲಿ ಸಂದು ಎದ್ದು ಕಾಣುತ್ತದೆ. ಜೆ ಪಿಕಪ್‌ನಲ್ಲಿ ಒಂದೊಂದು ತಂತಿಗೂ ಎರಡೆರಡು ಕಡ್ಡಿ, ತಂತಿ ಅವುಗಳ ನಡುವೆ ಹೋಗಬೇಕು. ನನ್ನದರಲ್ಲಿ ಆಚೀಚೆಯ ಇ ಮತ್ತು ಜಿ ತಂತಿಗಳು ಹೊರಗಡೆಯ ಕಡ್ಡಿಯ ಅಂಚಿಗೆ ಹೋಗಿವೆ. "ಸಂದಿಗೆ ಮರದ ಚಕ್ಕೆ ಕೂರಿಸಿ ಕೊಡ್ತೀನಿ ಬಿಡಿ, ಗೊತ್ತೇ ಆಗಲ್ಲ" ಅಂದರು ಆಚಾರ್ರು. ಕೂರಿಸಿಯೂ ಕೊಟ್ಟರು, ದುಡ್ಡು ಬೇಡ ಅಂದರು. ಮಾರಿದವರ ಉತ್ತರ ಬೇರೆಯೇ. "ಸಾಲ್ಡರ್ ಹಾಕಿದ ಮೇಲೆ ವಾಪಸ್ ಇಲ್ಲ ಸರ್." ಅಳತೆ ತಪ್ಪಿದ್ದಕ್ಕೂ ಅದೇ ಉತ್ತರ, ಮ್ಯಾಗ್ನೆಟ್ಟಿಗೂ ಅದೇ ಉತ್ತರ.

ಹಾಗಾಗಿ ಸಾಲ್ಡರ್ ಹಾಕದೆಯೇ ಎಲ್ಲವನ್ನೂ ನೋಡಿಬಿಡಿ. ಪಿ ಪಿಕಪ್‌ನ ಎರಡು ತುಂಡುಗಳ ತಲೆಗಳನ್ನು ಎದುರುಬದುರು ಹಿಡಿದು ಹತ್ತಿರ ತನ್ನಿ. ಅಂಟಿಕೊಳ್ಳಲು ಎಳೆದರೆ ಸರಿ, ದೂರ ತಳ್ಳಿದರೆ ಎರಡೂ ಒಂದೇ ದಿಕ್ಕಿನ ಮ್ಯಾಗ್ನೆಟ್, ಅವತ್ತೇ ವಾಪಸ್ ಕಳಿಸಿ. ಮಲ್ಟಿಮೀಟರನ್ನು 20ಕೆ (20 ಕಿಲೋ ಓಮ್) ಮೇಲೆ ಇಟ್ಟು ವೈರ್‌ಗಳಿಗೆ ಹಿಡಿಯಿರಿ. ಪಿ ಎರಡು ತುಂಡೂ ಸೇರಿ ಸುಮಾರು 10ರಿಂದ 11 ಕಿಲೋ ಓಮ್, ಜೆ ಒಂದಕ್ಕೆ 7ರಿಂದ 8 ಸಾಮಾನ್ಯ. ಸ್ವಲ್ಪ ಹೆಚ್ಚು ಕಡಿಮೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅಂಕಿ ಜಾಸ್ತಿ ಇದ್ದ ಮಾತ್ರಕ್ಕೆ ಸದ್ದೂ ಜಾಸ್ತಿ ಅಂತಲ್ಲ. ಪಿ ಎರಡು ತುಂಡಿಗೂ ತುಂಬಾ ಅಂತರ ಇದ್ದರೆ, ಅಥವಾ ಮೀಟರ್ ಏನೂ ತೋರಿಸದೆ ಹೋದರೆ, ಅದು ಬೇಡ. ಆಮೇಲೆ ಮೊಸಳೆ ಕ್ಲಿಪ್‌ನಲ್ಲಿ ಜ್ಯಾಕ್‌ಗೆ ಸಿಕ್ಕಿಸಿ ಆಂಪ್ ಆನ್ ಮಾಡಿ, ಗೆಳೆಯರ ಬಾಸ್‌ನ ತಂತಿಗಳ ಮೇಲೆ ಹಿಡಿದು ಕೇಳಿ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಮೈಕ್ ತರಹ ಟಕ್ ಟಕ್ ಅಂತ ಜೋರಾಗಿ ಕೇಳಿದರೆ ಒಳಗೆ ಮೇಣ ಸರಿಯಾಗಿ ತುಂಬಿಲ್ಲ. ದೊಡ್ಡ ಸದ್ದಿನ ಸ್ಟೇಜ್‌ನಲ್ಲಿ ಅದು ಕೂಗಲು ಶುರು ಮಾಡುತ್ತದೆ.

ನನ್ನನ್ನು ಕೇಳಿದರೆ ಮೊದಲ ಬಾಸ್‌ಗೆ ಪಿ ಒಂದೇ ಸಾಕು. ವಾಲ್ಯೂಮ್‌ಗೆ ಮತ್ತು ಟೋನ್‌ಗೆ ತಿರುಗಿಸುವ 250ಕೆ ಪಾಟ್ ಎರಡು, 0.047 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಒಂದು, ಮುಗಿಯಿತು. ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿ. ಹೊಸ ಅಗ್ಗದ ಪಿಕಪ್‌ಗಿಂತ, ಸ್ಕ್ವೈಯರ್ (ಫೆಂಡರ್‌ನವರದೇ ಕಡಿಮೆ ಬೆಲೆಯ ಬ್ರ್ಯಾಂಡ್) ತರಹದ ಫ್ಯಾಕ್ಟರಿ ಬಾಸ್‌ನಿಂದ ಬಿಚ್ಚಿದ ಹಳೇ ಪಿಕಪ್ ಎಷ್ಟೋ ಮೇಲು. ಅದು ಒಂದು ಬಾಸ್‌ನಲ್ಲಿ ಆಗಲೇ ನುಡಿದಿರುತ್ತದೆ. ಒಳ್ಳೆಯ ಪಿಕಪ್ ಹಾಕಿಸಿಕೊಂಡವರ ಮನೆಯಲ್ಲಿ ಹಳೆಯದು ಸುಮ್ನೆ ಬಿದ್ದಿರುತ್ತದೆ. ಆರ್ಕೆಸ್ಟ್ರಾದವರನ್ನು, ಗಿಟಾರ್ ರಿಪೇರಿ ಮಾಡುವವರನ್ನು ಕೇಳಿ. ನಾನೂ ಈಗ ಅಂಥದ್ದೇ ಒಂದು ಪಿ ಪಿಕಪ್ ಹಾಕಿದ್ದೇನೆ, ಹಮ್ಮಿಂಗ್ ಇಲ್ಲ.

ಆನ್‌ಲೈನಿನಲ್ಲೇ ತಗೊಳ್ಳುವುದಾದರೆ ಉದ್ದ ಎಷ್ಟು, ಮ್ಯಾಗ್ನೆಟ್ ಯಾವುದು, ಅಡಿಯ ಫೋಟೋ ಎಲ್ಲಿ ಅಂತ ಮೆಸೇಜ್‌ನಲ್ಲಿ ಕೇಳಿ, ಉತ್ತರ ಉಳಿಸಿಕೊಳ್ಳಿ. ಪಾರ್ಸೆಲ್ ಬಿಚ್ಚುವಾಗ ಪಕ್ಕದಲ್ಲಿ ಸ್ಕೇಲ್ ಇಟ್ಟು ವಿಡಿಯೋ ಮಾಡಿ. ಹೇಳಿದ್ದೊಂದು ಬಂದದ್ದೊಂದು ಆಗಿ ಅವರು ವಾಪಸ್ ತಗೊಳ್ಳದಿದ್ದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ.