55 ಇಂಚಿನ ಟಿವಿ, 100 ಇಂಚಿನ ಗೋಡೆ: ಯಾವುದು ಯಾರ ಮನೆಗೆ

ಹೋಲಿಕೆಗೆ ಇಟ್ಟುಕೊಂಡಿದ್ದು ಎರಡು ಸಾಧನ. ಒಂದು 55 ಇಂಚಿನ ಮಾಮೂಲಿ 4ಕೆ ಎಲ್‌ಇಡಿ ಟಿವಿ. ಇನ್ನೊಂದು (ಲ್ಯುಮೆನ್ ಎಂದರೆ ಯಂತ್ರ ಚೆಲ್ಲುವ ಒಟ್ಟು ಬೆಳಕಿನ ಅಳತೆ, ಆನ್ಸಿ ಎಂದರೆ ಅದನ್ನು ಅಳೆಯುವ ಪ್ರಮಾಣಿತ ವಿಧಾನ) 600 ಆನ್ಸಿ ಲ್ಯುಮೆನ್‌ನ ಫುಲ್ ಎಚ್‌ಡಿ ಎಲ್‌ಇಡಿ ಪ್ರೊಜೆಕ್ಟರ್, ಅದರಿಂದ ಬಿಳಿ ಗೋಡೆಯ ಮೇಲೆ 100 ಇಂಚಿನ ಚಿತ್ರ. ಹಾಲ್ 12 ಅಡಿಗೆ 14 ಅಡಿ, ಪಕ್ಕದ ಗೋಡೆಗೆ ದೊಡ್ಡ ಕಿಟಕಿ, ನಡುಮಧ್ಯ ಸೀಲಿಂಗ್ ಫ್ಯಾನ್. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟ್‌ಗಳಲ್ಲಿ ಹಾಲ್ ಹೆಚ್ಚೂಕಮ್ಮಿ ಹೀಗೇ ಇರುತ್ತದೆ. ಎರಡಕ್ಕೂ ಅದೇ ಸೆಟ್‌ಟಾಪ್ ಬಾಕ್ಸ್, ಅದೇ ಸ್ಟ್ರೀಮಿಂಗ್ ಸ್ಟಿಕ್.

ತೀರ್ಪು ಮೊದಲೇ ಹೇಳಿಬಿಡಬಹುದು. ಮನೆಗೆ ಒಂದೇ ಪರದೆ ಎಂದಾದರೆ ಟಿವಿ ತಗೊಳ್ಳಿ. ಟಿವಿ ಈಗಾಗಲೇ ಇದ್ದು, ರಾತ್ರಿ ಊಟವಾದ ಮೇಲೆ ದೀಪ ಆರಿಸಿ ಸಿನಿಮಾ ನೋಡುವ ರೂಢಿಯಿದ್ದರೆ ಮಾತ್ರ ಪ್ರೊಜೆಕ್ಟರ್‌ಗೆ ದುಡ್ಡು ಹಾಕಿ. ಇದನ್ನು ನಿರ್ಧರಿಸುವುದು ಇಂಚಲ್ಲ, ಬೆಲೆಯೂ ಅಲ್ಲ, ಹಾಲ್‌ನಲ್ಲಿರುವ ಬೆಳಕು.

ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಬಿಡಲು ಬರುವುದಿಲ್ಲ. ಬೆಳಕು ಚೆಲ್ಲುವುದು ಗೊತ್ತು, ತಡೆಹಿಡಿಯುವುದು ಗೊತ್ತು, ಅಷ್ಟೇ. ಯಂತ್ರ ಆಫ್ ಇರುವಾಗ ಗೋಡೆ ಎಷ್ಟು ಬೆಳ್ಳಗೆ ಕಾಣುತ್ತದೋ, ಚಿತ್ರದ ಅತಿ ಕಪ್ಪು ಭಾಗವೂ ಅಷ್ಟೇ ಬೆಳ್ಳಗಿರುತ್ತದೆ. ಲೆಕ್ಕ ಹಾಕಿ ನೋಡಿ. 100 ಇಂಚಿನ ಚಿತ್ರ ಎಂದರೆ 221 ಸೆಂಟಿಮೀಟರ್ ಅಗಲ, 125 ಎತ್ತರ, ಒಟ್ಟು 2.76 ಚದರ ಮೀಟರ್. 600 ಲ್ಯುಮೆನ್ ಅದರ ಮೇಲೆ ಹರಡಿದರೆ ಚದರ ಮೀಟರಿಗೆ ಬೀಳುವುದು ಸುಮಾರು 217 ಲ್ಯುಮೆನ್, ಅಂದರೆ 217 ಲಕ್ಸ್. ಬಿಳಿ ಮ್ಯಾಟ್ ಗೋಡೆಯಿಂದ ಅದು ಕಣ್ಣಿಗೆ ಬರುವಾಗ ಹತ್ತಿರಹತ್ತಿರ 69 ನಿಟ್ಸ್ (ಕಣ್ಣಿಗೆ ಕಾಣುವ ಹೊಳಪಿನ ಅಳತೆ). ಬಣ್ಣ ಸರಿಯಾಗಿ ಕಾಣಲೆಂದು ಸಿನಿಮಾ ಮೋಡ್‌ಗೆ ಹಾಕಿದರೆ ಅದರಲ್ಲಿ ಮೂರನೇ ಒಂದು ಪಾಲು ಹೋಗಿ 46ರ ಆಸುಪಾಸು ಉಳಿಯುತ್ತದೆ. ಇದೇನೂ ಕಡಿಮೆಯಲ್ಲ. ಚಿತ್ರಮಂದಿರದ ಡಿಜಿಟಲ್ ಪರದೆಗೆ ಇರುವ ಮಾನದಂಡವೇ 48 ನಿಟ್ಸ್. ಕತ್ತಲೆ ಕೋಣೆಯಲ್ಲಿ ಈ ಪುಟ್ಟ ಯಂತ್ರ ಥಿಯೇಟರ್‌ನಂತೆ ಕಾಣುವುದು ಇದೇ ಕಾರಣಕ್ಕೆ.

ಈಗ ಟ್ಯೂಬ್‌ಲೈಟ್ ಹಾಕಿ. 20 ವ್ಯಾಟ್‌ನ ಎಲ್‌ಇಡಿ ಟ್ಯೂಬ್ ಒಂದೇ ಸುಮಾರು 2000 ಲ್ಯುಮೆನ್ ಚೆಲ್ಲುತ್ತದೆ, ಅಂದರೆ ಪ್ರೊಜೆಕ್ಟರ್‌ನ ಮೂರರಷ್ಟು. ಅದರಲ್ಲಿ ಗೋಡೆಗೆ 100 ಲಕ್ಸ್ ಬಿದ್ದರೂ ಕಪ್ಪು ಜಾಗ ಸುಮಾರು 32 ನಿಟ್ಸ್‌ಗೆ ಏರುತ್ತದೆ. ಬಿಳಿಗೂ ಕಪ್ಪಿಗೂ ಇರುವ ಅಂತರ ಮೂರು ಪಟ್ಟಿನ ಆಸುಪಾಸಿಗೆ ಇಳಿದುಹೋಗುತ್ತದೆ. ಹಗಲಲ್ಲಿ ಪರದೆ ಎಳೆಯದ ಕಿಟಕಿಯಿದ್ದರೆ ಎರಡು ಪಟ್ಟೂ ಸಿಗುವುದು ಕಷ್ಟ. ಟಿವಿಯದು ಬೇರೆ ಕಥೆ. ಅದರ ಪ್ಯಾನೆಲ್ ಕಪ್ಪಗಿದೆ, ಮೇಲೆ ಬಿದ್ದ ಬೆಳಕಿನಲ್ಲಿ ತೀರಾ ಸ್ವಲ್ಪವನ್ನು ಮಾತ್ರ ವಾಪಸ್ ಎಸೆಯುತ್ತದೆ, ಮತ್ತು ಸಾಧಾರಣ ಸೆಟ್ಟೂ 300 ನಿಟ್ಸ್ ಕೊಡುತ್ತದೆ. ಟಿವಿಗೆ ತೊಂದರೆ ಕೊಡುವುದು ಒಟ್ಟು ಬೆಳಕಲ್ಲ, ಎದುರು ಗೋಡೆಯ ಕಿಟಕಿಯ ಪ್ರತಿಬಿಂಬ. ಸೆಟ್ಟನ್ನು ಕಿಟಕಿಗೆ ಎದುರಾಗಿ ಹಾಕದಿದ್ದರೆ ಅದೂ ಮುಗಿಯಿತು.

ಏನು ನೋಡುತ್ತೀರಿ ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮಧ್ಯಾಹ್ನ ಮೂರೂವರೆಯ ಐಪಿಎಲ್ ಪಂದ್ಯವನ್ನು ಕರ್ಟನ್ ಎಳೆದು ಪ್ರೊಜೆಕ್ಟರ್‌ನಲ್ಲಿ ಹೇಗೋ ನೋಡಬಹುದು. ಮೈದಾನದ ಹಸಿರು, ಬಿಳಿ ಚೆಂಡು, ಸ್ಕೋರ್ ಪಟ್ಟಿ ಎಲ್ಲವೂ ಬೆಳಕಿನ ಬಣ್ಣಗಳೇ. ಆದರೆ ಅದೇ ಬೆಳಕಿನಲ್ಲಿ ರಾತ್ರಿ ದೃಶ್ಯಗಳೇ ತುಂಬಿದ ಸಿನಿಮಾ ಹಾಕಿದರೆ ಬೂದು ಮಂಜಿನಲ್ಲಿ ದನಿ ಮಾತ್ರ ಕೇಳುತ್ತದೆ, ಯಾರು ಯಾರಿಗೆ ಹೊಡೆದರೆಂದು ತಿಳಿಯುವುದಿಲ್ಲ. ಇನ್ನು ಸಂಜೆಯ ಧಾರಾವಾಹಿ. ಆರರಿಂದ ಹತ್ತರವರೆಗೆ ನಮ್ಮ ಮನೆಗಳಲ್ಲಿ ಯಾರೂ ದೀಪ ಆರಿಸಿ ಕೂರುವುದಿಲ್ಲ. ಒಬ್ಬರು ಹುರುಳಿಕಾಯಿ ಮುರಿಯುತ್ತಿರುತ್ತಾರೆ, ಮಗು ಹೋಮ್‌ವರ್ಕ್ ಬರೆಯುತ್ತಿರುತ್ತದೆ. ಪ್ರೊಜೆಕ್ಟರ್ ಬೇಕೆಂದರೆ ಅವರೆಲ್ಲ ಏಳಬೇಕು. ತಿಂಗಳೊಳಗೆ ಪ್ರೊಜೆಕ್ಟರ್ ಅಟ್ಟ ಸೇರುವುದು ಬಹುತೇಕ ಈ ಕಾರಣಕ್ಕೇ ಹೊರತು ಕೆಟ್ಟು ಅಲ್ಲ.

ಡಬ್ಬಿಯ ಮೇಲಿನ ಅಂಕಿಗಳ ವಿಷಯಕ್ಕೆ ಬಂದರೆ, ಟಿವಿಗಿಂತ ಪ್ರೊಜೆಕ್ಟರ್ ಪೇಟೆಯಲ್ಲಿ ಸುಳ್ಳು ಜಾಸ್ತಿ. ‘9000 ಲ್ಯುಮೆನ್’ ಎಂದು ದೊಡ್ಡದಾಗಿ ಬರೆದಿರುತ್ತದೆ. ನಂಬಬೇಕಾದದ್ದು ಆನ್ಸಿ ಲ್ಯುಮೆನ್ ಅಥವಾ ಐಎಸ್ಒ 21118 ಪ್ರಕಾರದ ಲ್ಯುಮೆನ್ ಮಾತ್ರ. ‘ಲೈಟ್ ಸೋರ್ಸ್ ಲ್ಯುಮೆನ್’ ಎಂದರೆ ಒಳಗಿನ ಎಲ್‌ಇಡಿಯ ಬೆಳಕು, ಗೋಡೆಗೆ ಬಂದದ್ದಲ್ಲ. ಆನ್ಸಿ, ಐಎಸ್ಒ ಎರಡೂ ಬರೆದಿಲ್ಲದಿದ್ದರೆ ಅಡಾಪ್ಟರ್ ಮೇಲಿನ ವ್ಯಾಟ್ ನೋಡಿ. ಮನೆಬಳಕೆಯ ಯಂತ್ರಗಳು ಸಾಮಾನ್ಯವಾಗಿ ಒಂದು ವ್ಯಾಟ್‌ಗೆ ಐದರಿಂದ ಹತ್ತು ಲ್ಯುಮೆನ್ ಕೊಡುತ್ತವೆ. 65 ವ್ಯಾಟ್ ಎಳೆಯುವ ಯಂತ್ರ 5000 ಲ್ಯುಮೆನ್ ಕೊಡುತ್ತದೆಂದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

‘4ಕೆ ಸಪೋರ್ಟ್’ ಕೂಡ ಇಂಥದ್ದೇ. 4ಕೆ ಸಿಗ್ನಲ್ ತೆಗೆದುಕೊಳ್ಳುತ್ತದೆ ಎಂದಷ್ಟೇ ಅರ್ಥ, ತೋರಿಸುತ್ತದೆ ಎಂದಲ್ಲ. ‘ನೇಟಿವ್ ರೆಸಲ್ಯೂಷನ್’ ಎಂಬ ಸಾಲು ಹುಡುಕಿ, ಯಂತ್ರ ನಿಜಕ್ಕೂ ತೋರಿಸುವ ಪಿಕ್ಸೆಲ್ ಸಂಖ್ಯೆ ಅದೇ. 1920×1080ಕ್ಕಿಂತ ಕಡಿಮೆ ಇದ್ದರೆ 100 ಇಂಚಿಗೆ ಬೇಡ. ಫುಲ್ ಎಚ್‌ಡಿಯಲ್ಲೂ 100 ಇಂಚಿನ ಚಿತ್ರಕ್ಕೆ ಇಂಚಿಗೆ 22 ಪಿಕ್ಸೆಲ್ ಮಾತ್ರ ಬರುತ್ತವೆ, 55 ಇಂಚಿನ 4ಕೆ ಟಿವಿಯಲ್ಲಿ 80. ಹತ್ತು ಅಡಿ ದೂರ ಕೂತರೆ ಸಮಸ್ಯೆಯಿಲ್ಲ, ಆರು ಅಡಿಗೆ ಬಂದರೆ ಮುಖಗಳ ಮೇಲೆ ಸೊಳ್ಳೆಪರದೆ ಹೊದಿಸಿದಂತೆ ಕಾಣುತ್ತದೆ. ಪುಟಾಣಿ ಕನ್ನಡಿಗಳ ಒಂದೇ ಚಿಪ್‌ನಿಂದ ಚಿತ್ರ ಮೂಡಿಸುವ ಡಿಎಲ್‌ಪಿ ಯಂತ್ರಗಳಲ್ಲಿ ಕೆಲವರ ಕಣ್ಣಿಗೆ ಬಿಳಿ ಅಕ್ಷರಗಳ ಅಂಚಿನಲ್ಲಿ ಕೆಂಪು, ಹಸಿರು, ನೀಲಿ ಗೆರೆ ಮಿಂಚಿ ಹೋಗುತ್ತದೆ. ಮೂರು ಬಣ್ಣಗಳನ್ನು ಒಂದಾದ ಮೇಲೊಂದರಂತೆ ಬಿಡುವುದರಿಂದ ಹೀಗೆ. ಮನೆಯವರೆಲ್ಲ ಒಮ್ಮೆ ನೋಡಿಯೇ ಕೊಳ್ಳಿ. ಬಣ್ಣಕ್ಕೊಂದರಂತೆ ಮೂರು ಎಲ್‌ಸಿಡಿ ಇರುವವುಗಳಲ್ಲಿ ಈ ಕಾಟವಿಲ್ಲ.

ಜೋಡಣೆಯಲ್ಲಿ ನಿಜವಾದ ಶತ್ರು ಸೀಲಿಂಗ್ ಫ್ಯಾನ್. ಪ್ರೊಜೆಕ್ಟರ್‌ನ ಥ್ರೋ ರೇಷಿಯೋ 1.2 ಎಂದಿದ್ದರೆ ಚಿತ್ರದ ಅಗಲದ 1.2 ಪಟ್ಟು ದೂರದಲ್ಲಿ ಲೆನ್ಸ್ ಇರಬೇಕು, ಅಂದರೆ 100 ಇಂಚಿಗೆ 266 ಸೆಂಟಿಮೀಟರ್. 14 ಅಡಿ ಉದ್ದದ ಹಾಲ್‌ನಲ್ಲಿ ಫ್ಯಾನ್ ಗೋಡೆಯಿಂದ 213 ಸೆಂಟಿಮೀಟರ್ ದೂರದಲ್ಲಿರುತ್ತದೆ. 48 ಇಂಚಿನ ಫ್ಯಾನ್‌ನ ರೆಕ್ಕೆ ಅಲ್ಲಿಂದ ಆಚೀಚೆ 60 ಸೆಂಟಿಮೀಟರ್ ಚಾಚುತ್ತದೆ. ಪ್ರೊಜೆಕ್ಟರ್ ನೇತುಹಾಕಬೇಕಾದ ಜಾಗ ಸರಿಯಾಗಿ ರೆಕ್ಕೆಯ ತುದಿಗೆ ಬಂತು! ಇನ್ನೂ ಹಿಂದೆ, ಸೀಲಿಂಗ್‌ಗೆ ಅಂಟಿಸಿದಂತೆ ಹಾಕಿದರೆ ಬೆಳಕು ರೆಕ್ಕೆಗಳ ನಡುವಿನಿಂದ ಹಾದು ಚಿತ್ರವಿಡೀ ಪಟಪಟ ಮಿಣುಕುತ್ತದೆ. ಟೀಪಾಯಿ ಮೇಲಿಟ್ಟರೆ ನೀರು ತರಲು ಎದ್ದವರ ನೆರಳು, ಕಾಲಿಗೆ ವೈರು.

ಸರಿಯಾದ ದಾರಿ ಹಿಂದಿನ ಗೋಡೆಯ ಮೇಲೊಂದು ಗಟ್ಟಿ ಹಲಗೆ. ಆಗ ದೂರ 400 ಸೆಂಟಿಮೀಟರ್, ಹಾಗಾಗಿ ಥ್ರೋ ರೇಷಿಯೋ 1.8ರವರೆಗೆ ಹೋಗುವ, ಅಂದರೆ ಆಪ್ಟಿಕಲ್ ಜೂಮ್ (ಲೆನ್ಸ್ ಹೊಂದಿಸಿಯೇ ಚಿತ್ರ ಹಿಗ್ಗಿಸುವ, ಕುಗ್ಗಿಸುವ ಸೌಲಭ್ಯ) ಇರುವ ಮಾಡೆಲ್ ಬೇಕು. 1.2ರದ್ದನ್ನೇ ಅಲ್ಲಿಟ್ಟರೆ ಚಿತ್ರ 150 ಇಂಚಿಗೆ ಹಿಗ್ಗಿ, ಹೊಳಪು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಎತ್ತರವನ್ನೂ ಅಳೆಯಿರಿ. ಚಿತ್ರದ ಕೆಳ ಅಂಚು ನೆಲದಿಂದ 80 ಸೆಂಟಿಮೀಟರ್‌ಗೆ ಬರಬೇಕೆಂದರೆ ಮೇಲಂಚು 205ಕ್ಕೆ ಬರುತ್ತದೆ. ಬಹುಪಾಲು ಸಣ್ಣ ಪ್ರೊಜೆಕ್ಟರ್‌ಗಳಲ್ಲಿ ಲೆನ್ಸ್‌ನ ಮಟ್ಟ ಮತ್ತು ಚಿತ್ರದ ಅಂಚಿನ ಮಟ್ಟ ಒಂದೇ. ಹಾಗಾಗಿ ತಲೆಕೆಳಗಾಗಿ ಕೂರಿಸಿದ ಯಂತ್ರದ ಲೆನ್ಸ್ ಆರೂಮುಕ್ಕಾಲು ಅಡಿ ಎತ್ತರದಲ್ಲಿರಬೇಕು. ಅದು ಫ್ಯಾನ್ ರೆಕ್ಕೆಗಿಂತ ಕೆಳಗೇ ಇರುವುದರಿಂದ ಮಿಣುಕಾಟವೂ ಇಲ್ಲ. ಒಂಬತ್ತೂವರೆ ಅಡಿಯ ಸೀಲಿಂಗ್‌ಗೆ ಹಾಕಿಸಿ, ಕೆಳಕ್ಕೆ ಬಾಗಿಸಿ, ಕೀಸ್ಟೋನ್ (ಓರೆಯಾದ ಚಿತ್ರವನ್ನು ತಿದ್ದುವ ಸೌಲಭ್ಯ) ಒತ್ತಿ ನೇರ ಮಾಡಿಕೊಳ್ಳುವ ಉಪಾಯ ಬೇಡ. ಚಿತ್ರ ಆಯತಾಕಾರವಾಗುವುದೇನೋ ನಿಜ, ಆದರೆ ಪಿಕ್ಸೆಲ್ ಕತ್ತರಿಸಿಯೇ ಆಗುವುದು. ಅಕ್ಷರ ಮಸುಕಾಗುತ್ತದೆ, ಕತ್ತಲೆಯಲ್ಲಿ ಚಿತ್ರದ ಸುತ್ತ ಡೊಂಕು ಬೂದು ಅಂಚೊಂದು ಉಳಿಯುತ್ತದೆ. ಒಮ್ಮೆ ಅದು ಕಣ್ಣಿಗೆ ಬಿದ್ದರೆ ಮತ್ತೆ ಮರೆಯಲಾಗದು.

ಟಿವಿ ಹಾಕುವುದರಲ್ಲಿ ಇಷ್ಟು ಗಣಿತವಿಲ್ಲ. ಮಧ್ಯಭಾಗ ಕೂತವರ ಕಣ್ಣಿನ ಮಟ್ಟಕ್ಕೆ, ಅಂದರೆ ನೆಲದಿಂದ ಮೂರೂವರೆ ಅಡಿಗೆ ಬರಲಿ. ಫಿಟ್ಟಿಂಗ್‌ಗೆ ಬರುವವರು ಒಂದಡಿ ಮೇಲೆ ಹಾಕಿ ಹೋಗುತ್ತಾರೆ, ಪೆನ್ಸಿಲ್ ಗುರುತು ನೀವೇ ಮಾಡಿಡಿ.

ಗೋಡೆಯ ಬಗ್ಗೆ ಎರಡು ಮಾತು. ಕೆನೆಬಣ್ಣದ ಗೋಡೆ ಚಿತ್ರವನ್ನೂ ಹಳದಿ ಮಾಡುತ್ತದೆ, ಟೆಕ್ಸ್ಚರ್ ಪೇಂಟ್ ಮುಖಕ್ಕೆ ಸಿಡುಬು ತರಿಸುತ್ತದೆ. ಪುಟ್ಟಿ ಎಳೆದು ಉಜ್ಜಿ ಹೊಳಪಿಲ್ಲದ ಬಿಳಿ ಬಳಿದರೆ ಸಾಕು. ಕೈಯಿಂದ ಎಳೆಯುವ ಅಗ್ಗದ ಸ್ಕ್ರೀನ್‌ಗಿಂತ ಅದು ಮೇಲು, ಏಕೆಂದರೆ ಆ ಸ್ಕ್ರೀನ್‌ಗಳು ಬರಬರುತ್ತಾ ಅಂಚಿನಲ್ಲಿ ಸುರುಳಿಕೊಳ್ಳುತ್ತವೆ.

ಶಬ್ದದಲ್ಲಿ ಟಿವಿ ಸುಮಾರು, ಪ್ರೊಜೆಕ್ಟರ್ ಕಳಪೆ. ಹಿಂದಿನ ಗೋಡೆಯ ಯಂತ್ರದಿಂದ ಮಾತು ನಿಮ್ಮ ಬೆನ್ನ ಹಿಂದಿನಿಂದ ಬರುತ್ತದೆ, ಜೊತೆಗೆ ಕೂಲಿಂಗ್ ಫ್ಯಾನ್‌ನ ಗುಂಯ್‌ಗುಡುವಿಕೆ. ಚಿತ್ರದ ಕೆಳಗೆ ಸೌಂಡ್‌ಬಾರ್ ಅನಿವಾರ್ಯ. ಬ್ಲೂಟೂತ್‌ನಲ್ಲಿ ಜೋಡಿಸಿದರೆ ತುಟಿಗೂ ಮಾತಿಗೂ ಹೊಂದದೆ ಹೋಗಬಹುದು, ವೈರ್ ಎಳೆಯುವುದೇ ಒಳ್ಳೆಯದು. ತಾಮ್ರದ ಎಚ್‌ಡಿಎಂಐ ಕೇಬಲ್ ಏಳೆಂಟು ಮೀಟರ್ ದಾಟಿದರೆ 4ಕೆ ಚಿತ್ರ ಆಗಾಗ ಕಪ್ಪಾಗುತ್ತದೆ, ಅಷ್ಟು ದೂರಕ್ಕೆ ಫೈಬರ್ ಕೇಬಲ್ ತನ್ನಿ. ಅದಕ್ಕೆ ದಿಕ್ಕಿದೆ. ‘ಸೋರ್ಸ್’ ಎಂದು ಬರೆದ ತುದಿ ಬಾಕ್ಸ್‌ಗೆ, ‘ಡಿಸ್‌ಪ್ಲೇ’ ತುದಿ ಪ್ರೊಜೆಕ್ಟರ್‌ಗೆ. ತಿರುಗಾಮುರುಗಾ ಆದರೆ ಚಿತ್ರವೇ ಬರುವುದಿಲ್ಲ, ಕೇಬಲ್ ಕೆಟ್ಟಿದೆ ಎಂದುಕೊಂಡು ವಾಪಸ್ ಕಳಿಸುತ್ತೀರಿ. ಮನೆ ಕಟ್ಟಿಸುತ್ತಿದ್ದರೆ ಗೋಡೆಯೊಳಗೆ ಮುಕ್ಕಾಲು ಇಂಚಿನ ಪೈಪ್ ಬೇಡ, ಎಚ್‌ಡಿಎಂಐ ತಲೆ ಅದರಲ್ಲಿ ತೂರುವುದಿಲ್ಲ. ಒಂದೂಕಾಲು ಇಂಚಿನದು ಹಾಕಿಸಿ. ಆಪ್‌ಗಳಲ್ಲೂ ಟಿವಿಯೇ ಸಲೀಸು. ಎಷ್ಟೋ ಅಗ್ಗದ ಪ್ರೊಜೆಕ್ಟರ್‌ಗಳಿಗೆ ನೆಟ್‌ಫ್ಲಿಕ್ಸ್‌ನ ಅನುಮತಿ ಇಲ್ಲ, ಬೇರೆ ಸ್ಟಿಕ್ ಸಿಕ್ಕಿಸಬೇಕಾಗುತ್ತದೆ.

ಕರೆಂಟಿನಲ್ಲಿ ವ್ಯತ್ಯಾಸವಿಲ್ಲ. ಎರಡೂ ಎಳೆಯುವುದು ನೂರು, ನೂರಿಪ್ಪತ್ತು ವ್ಯಾಟ್. 850 ವಿಎ ಇನ್ವರ್ಟರ್ ಎರಡನ್ನೂ ತಡೆಯುತ್ತದೆ. ಆದರೆ ಕರೆಂಟ್ ಹೋದ ಕ್ಷಣದ ಆ ಸಣ್ಣ ಅಂತರಕ್ಕೆ ಪ್ರೊಜೆಕ್ಟರ್ ಆಫ್ ಆದರೆ ಒಳಗಿನ ಫ್ಯಾನ್ ಕೂಡ ನಿಂತು, ಬಿಸಿ ಒಳಗೇ ಉಳಿಯುತ್ತದೆ. ಹಳೆಯ ಲ್ಯಾಂಪ್ ಮಾದರಿಗಳಿಗೆ ಇದು ದೊಡ್ಡ ಪೆಟ್ಟು. ಇನ್ವರ್ಟರ್‌ನ ಹಿಂಬದಿಯ ಸ್ವಿಚ್, ಆ ಅಂತರವನ್ನು ಕಡಿಮೆ ಮಾಡುವ ಯುಪಿಎಸ್ ಮೋಡ್‌ನಲ್ಲಿರಲಿ. ಲ್ಯಾಂಪ್ ಮಾದರಿಯನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಕೊಳ್ಳುವವರು ಮೆನುವಿನಲ್ಲಿ ‘ಲ್ಯಾಂಪ್ ಅವರ್ಸ್’ ನೋಡಿ. ಆಯುಸ್ಸು 3000ದಿಂದ 5000 ಗಂಟೆ, ದಿನಕ್ಕೆ ನಾಲ್ಕು ಗಂಟೆಯಂತೆ 4000 ಗಂಟೆ ಮೂರು ವರ್ಷವೂ ಬಾರದು. ಎಲ್‌ಇಡಿ, ಲೇಸರ್‌ಗಳಿಗೆ 20,000 ಗಂಟೆಯ ಮೇಲೆ ಹೇಳುತ್ತಾರೆ.

ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅನೇಕ ಪ್ರೊಜೆಕ್ಟರ್‌ಗಳ ಕೈಪಿಡಿಯಲ್ಲಿ ಕೋಣೆಯ ಉಷ್ಣತೆ 35 ಡಿಗ್ರಿಯೊಳಗಿರಲಿ ಎಂದಿರುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಎಸಿ ಇಲ್ಲದ ಹಾಲ್‌ಗೆ ಅದು ಅಸಾಧ್ಯ, ಯಂತ್ರ ತಾನಾಗಿ ಮಂಕಾಗುತ್ತದೆ ಅಥವಾ ನಿಲ್ಲುತ್ತದೆ. ಮಂಗಳೂರು, ಉಡುಪಿಯ ಮಳೆಗಾಲದ ತೇವದಲ್ಲಿ ವಾರಗಟ್ಟಲೆ ಬಳಸದೆ ಇಟ್ಟ ಲೆನ್ಸ್‌ಗೆ ಬೂಷ್ಟು ಹಿಡಿಯಬಹುದು, ಸಿಲಿಕಾ ಜೆಲ್ ಹಾಕಿ ಡಬ್ಬಿಯಲ್ಲಿಡಿ. ಮೊದಲ ಮಳೆಯ ಸಂಜೆ ಈಚಲುಹುಳಗಳಿಗೂ ಸಿನಿಮಾ ಆಸೆ, ನಾಯಕಿಯ ಮುಖದ ತುಂಬ ಅವೇ.

ದುಡ್ಡಿಗೆ ಬಂದರೆ, 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗೆ ಮೇಲಿನ ಟಿವಿಗೂ ಪ್ರೊಜೆಕ್ಟರ್‌ಗೂ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿಯಿತು, ತೆರಿಗೆಯಲ್ಲಿ ಯಾರಿಗೂ ಮೇಲುಗೈ ಇಲ್ಲ. ಮೇಲೆ ಹೇಳಿದಂಥ ಪ್ರೊಜೆಕ್ಟರ್ 25-30 ಸಾವಿರಕ್ಕೆ ಸಿಗಬಹುದು. ಅದಕ್ಕೆ ಸೌಂಡ್‌ಬಾರ್, ಬ್ಲ್ಯಾಕೌಟ್ ಕರ್ಟನ್, ಫೈಬರ್ ಕೇಬಲ್, ಹಲಗೆ, ಬಣ್ಣ ಸೇರಿಸಿದರೆ 50 ಸಾವಿರದ ಹತ್ತಿರ ಬಂದು ನಿಲ್ಲುತ್ತೀರಿ. 55 ಇಂಚಿನ ಒಳ್ಳೆಯ ಟಿವಿ ಅದರೊಳಗೇ ಬರುತ್ತದೆ. 75 ಇಂಚಿನದೂ ಲಕ್ಷದೊಳಗೆ ಸಿಗುವಂತಾದ ಮೇಲೆ ‘ದೊಡ್ಡ ಚಿತ್ರ ಬೇಕು, ಆದ್ದರಿಂದ ಪ್ರೊಜೆಕ್ಟರ್’ ಎಂಬ ವಾದ ಅರ್ಧ ಬಿದ್ದುಹೋಗಿದೆ. ಗೋಡೆಗೆ ಅರ್ಧ ಅಡಿ, ಒಂದಡಿ ದೂರದಲ್ಲಿಟ್ಟು ಮೇಲ್ಮುಖವಾಗಿ ಬೆಳಕು ಬಿಡುವ ಲೇಸರ್ ಯಂತ್ರಗಳು ಫ್ಯಾನ್ ಸಮಸ್ಯೆಯನ್ನು ಪೂರ್ತಿ ತಪ್ಪಿಸುತ್ತವೆ. ಆದರೆ ಅವಕ್ಕೆ ಬರಿ ಗೋಡೆ ಸಾಲದು, ಕೆಳಗಿನಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಪ್ಲಾಸ್ಟರಿನ ಪ್ರತಿ ಉಬ್ಬೂ ಅಲೆಯಾಗಿ ಕಾಣುತ್ತದೆ. ಅದಕ್ಕೆಂದೇ ಮಾಡಿದ ಸ್ಕ್ರೀನ್ ಸೇರಿಸಿದರೆ ಬೆಲೆ ಬೇರೆಯೇ ಲೋಕದ್ದು.

ಯಾವುದೇ ತಂದರೂ ವಾಪಸ್ ಕಳಿಸುವ ಅವಧಿಯೊಳಗೆ ಪರೀಕ್ಷಿಸಿ. ಪ್ರೊಜೆಕ್ಟರ್‌ನಲ್ಲಿ ಅಕ್ಷರ ತುಂಬಿದ ಒಂದು ಪುಟ ಹಾಕಿ, ನಡುವೆ ಫೋಕಸ್ ಮಾಡಿ ನಾಲ್ಕೂ ಮೂಲೆ ಓದಿ. ಅರ್ಧ ಗಂಟೆ ಬಿಸಿಯಾದ ಮೇಲೆ ಮತ್ತೊಮ್ಮೆ ಓದಿ, ಅಗ್ಗದ ಲೆನ್ಸ್‌ಗಳು ಆಗ ಜಾರುತ್ತವೆ. ಕತ್ತಲಲ್ಲಿ ಪೂರ್ತಿ ಕಪ್ಪು ಚಿತ್ರ ಹಾಕಿ ಧೂಳಿನ ಮಸುಕು ಚುಕ್ಕೆಗಳಿವೆಯೇ ನೋಡಿ. ಟಿವಿಯಲ್ಲಿ ಪೂರ್ತಿ ಬೂದು ಚಿತ್ರ ಹಾಕಿದರೆ ಕೊಳೆ ಮೆತ್ತಿದಂಥ ಪಟ್ಟಿಗಳು ಗೊತ್ತಾಗುತ್ತವೆ. ಅವು ಕ್ರಿಕೆಟ್ ಮೈದಾನದ ಮೇಲೆ ಕ್ಯಾಮೆರಾ ತಿರುಗಿದಾಗಲೆಲ್ಲ ಕಾಣಿಸುವಂಥವು, ಅಂಥ ಸೆಟ್ ಬಂದರೆ ಬದಲಾಯಿಸಿಕೊಳ್ಳಿ.