ಕೆಂಪಿಲ್ಲದ ಗೋಬಿ: ದುರ್ಗದಬೈಲ್ ಕಡೆಯ ಒಂದು ಗಾಡಿ

ಮೊದಲೇ ಹೇಳಿಬಿಡುತ್ತೇನೆ, ಈ ಗಾಡಿಯ ಗೋಬಿ ನೋಡಲು ಚೆಂದ ಇಲ್ಲ. ಹುರಿದ ಶೇಂಗಾ ಸಿಪ್ಪೆಯ ಬಣ್ಣ. ಫೋಟೋ ತೆಗೆದು ಹಾಕಿದರೆ ಯಾರೂ ಲೈಕ್ ಒತ್ತಲಿಕ್ಕಿಲ್ಲ. ಆದರೂ ಹುಬ್ಬಳ್ಳಿಯಲ್ಲಿ ಈಗ ಗೋಬಿ ತಿನ್ನಬೇಕು ಅನಿಸಿದಾಗ ನನ್ನ ಸ್ಕೂಟರ್ ತಾನಾಗಿಯೇ ಇಲ್ಲಿಗೆ ಬಂದು ನಿಲ್ಲುತ್ತದೆ. ಹಾಫ್ 40, ಫುಲ್ 70.

ಹೂಕೋಸಿನ ತುಂಡು ದೊಡ್ಡದು, ಹಿಟ್ಟಿನ ಹೊದಿಕೆ ತೆಳು. ಹಲವು ಕಡೆ ಹಿಟ್ಟಿನ ಉಂಡೆಯೊಳಗೆ ಗೋಬಿ ಹುಡುಕಬೇಕಾಗುತ್ತದೆ, ಇಲ್ಲಿ ಆ ಕಷ್ಟ ಇಲ್ಲ. ಬೆಳ್ಳುಳ್ಳಿ ಎಣ್ಣೆಗೆ ಬಿದ್ದ ಕೂಡಲೇ ಈರುಳ್ಳಿ, ಅದರ ಮೇಲೆ ಅರೆದ ಬ್ಯಾಡಗಿ ಮೆಣಸಿನಕಾಯಿ ಒಂದು ಸೌಟು. ಆಗ ಬರುವ ಘಾಟಿಗೆ ಸಾಲಿನಲ್ಲಿ ನಿಂತವರೆಲ್ಲ ಒಟ್ಟಿಗೆ ಕೆಮ್ಮುತ್ತಾರೆ. ಖಾರ ಮಾತ್ರ ಅಷ್ಟಿಲ್ಲ. ಬ್ಯಾಡಗಿಯ ಗುಣವೇ ಅದು, ಬಣ್ಣ ಹೆಚ್ಚು, ಖಾರ ಕಡಿಮೆ.

ಬಣ್ಣದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ನಮ್ಮದು ಗುಳೇದಗುಡ್ಡ. ಅಪ್ಪ ಖಣದ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದರು. ರಾಣಿ ಕಲರ್ ಹಾಕಿದ ದಿನ ಅವರ ಉಗುರಿನ ಸಂದಿಯೆಲ್ಲ ಗುಲಾಬಿ, ಊಟಕ್ಕೆ ಕೂತರೆ ರೊಟ್ಟಿಗೂ ಗುಲಾಬಿ ಬೆರಳಚ್ಚು. ಅವ್ವ ಹುಣಸೆಹಣ್ಣು ಕೊಟ್ಟು ತಿಕ್ಕಲು ಹೇಳುತ್ತಿದ್ದಳು, ಹೋಗುತ್ತಿರಲಿಲ್ಲ. ಆ ಪುಡಿಯ ಡಬ್ಬಿಯ ಮೇಲೆ ಬರೆದಿದ್ದ ಹೆಸರು ರೋಡಮಿನ್. ಮೂವತ್ತು ವರ್ಷಗಳ ಮೇಲೆ ಅದೇ ಹೆಸರನ್ನು ಪೇಪರಿನಲ್ಲಿ ಓದಿದೆ, ಬಾಂಬೆ ಮಿಠಾಯಿಯಲ್ಲಿ ಅದು ಸಿಕ್ಕಿದೆ ಎಂಬ ಸುದ್ದಿಯಲ್ಲಿ. ಮಗಳಿಗೆ ಜಾತ್ರೆಯಲ್ಲಿ ಎಷ್ಟು ಸಲ ಕೊಡಿಸಿದ್ದೆನೋ ಲೆಕ್ಕ ಇಲ್ಲ.

2024ರ ಮಾರ್ಚ್ 11ರ ಮಾತು ಅದು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದ ಲೆಕ್ಕ ಹೀಗಿತ್ತು: ಗೋಬಿ ಮಂಚೂರಿಯ 171 ಮಾದರಿ ಪರೀಕ್ಷಿಸಿದರೆ 107ರಲ್ಲಿ ಹಾಕಬಾರದ ಬಣ್ಣ, ಬಾಂಬೆ ಮಿಠಾಯಿಯ 25ರಲ್ಲಿ 15 ಕೆಟ್ಟವು. ಗೋಬಿಯಲ್ಲಿ ಸಿಕ್ಕಿದ್ದು ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಎಂಬ ಕೃತಕ ಬಣ್ಣಗಳು. ಇನ್ನು ಮುಂದೆ ಇಂಥ ಬಣ್ಣ ಹಾಕಿದರೆ 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ನಿಷೇಧ ಆಗಿದ್ದು ಬಣ್ಣ, ಗೋಬಿ ಅಲ್ಲ. ಆದರೆ ವಾಟ್ಸಾಪಿನಲ್ಲಿ ಓಡಾಡಿದ್ದು "ಗೋಬಿ ಬ್ಯಾನ್" ಅಂತ. ಗೋವಾದ ಮಾಪುಸಾ ನಗರಸಭೆ ತಿಂಗಳ ಹಿಂದಷ್ಟೇ ಗೋಬಿಗೇ ಬಾಗಿಲು ಹಾಕಿತ್ತಲ್ಲ, ಎರಡೂ ಸುದ್ದಿ ಕಲಸಿಹೋದವು. ಈ ಗಾಡಿಯವ ನನ್ನೆದುರೇ ಹಣೆ ಚಚ್ಚಿಕೊಂಡಿದ್ದ: "ಹದಿನೈದು ದಿನ ಬೋಣಿ ಆಗ್ಲಿಲ್ರಿ ಅಣ್ಣಾರ. ಕೋಸು ದನಕ್ಕ ಹಾಕೀನಿ."

ಆಮೇಲೆ ಇವನೇ ಮೆಣಸಿನಕಾಯಿಗೆ ಬಂದ. ಒಂದು ಚಿಟಿಕೆ ಬಣ್ಣದ ಪುಡಿ ಮಾಡುತ್ತಿದ್ದ ಕೆಲಸಕ್ಕೆ ಈಗ ದಿನಕ್ಕೆ ಕಿಲೋಗಟ್ಟಲೆ ಬ್ಯಾಡಗಿ ಬೇಕು. ಹತ್ತು ರೂಪಾಯಿ ರೇಟು ಏರಿಸಿದ್ದಕ್ಕೆ ಬೈದವರುಂಟು. ನಾನು ಬೈಯಲಿಲ್ಲ.

ಮೊದಲ ದಿನ ನಂಬಿಕೆ ಇರಲಿಲ್ಲ ಅನ್ನಿ. ಕುಡಿಯಲು ಕೊಟ್ಟ ನೀರಿನ ಗ್ಲಾಸಿಗೇ ಒಂದು ತುಂಡು ಹಾಕಿಬಿಟ್ಟೆ. ಬಣ್ಣಗಾರನ ಮಗನಿಗೆ ಇಷ್ಟಾದರೂ ಗೊತ್ತಿರಬೇಕು: ಆ ಪುಡಿ ನೀರಿನಲ್ಲಿ ಕರಗುತ್ತದೆ, ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುತ್ತದೆ. ಎರಡು ನಿಮಿಷ ಕಾದೆ. ನೀರು ಸೋಯಾ ಸಾಸಿನಿಂದ ಸ್ವಲ್ಪ ಮಂಕಾಯಿತು ಅಷ್ಟೇ, ಮೇಲೆ ಕೆಂಪು ಎಣ್ಣೆಯ ಬೊಟ್ಟುಗಳು ತೇಲಿದವು. ಪಾಸ್. ಅದೇ ವಾರ ಇನ್ನೊಂದು ಕಡೆ ಹೀಗೇ ಮಾಡಿದ್ದೆ, ಗ್ಲಾಸಿನ ತಳದವರೆಗೂ ಕಿತ್ತಳೆ ಶರಬತ್ತು. ಆ ಅಂಗಡಿಯ ಹೆಸರು ಬೇಡ.

ಮೊನ್ನೆ ಸಾಲಿನಲ್ಲಿ ಒಬ್ಬ ಹುಡುಗ, ಹೆಲ್ಮೆಟ್ಟು ಬೈಕಿನ ಕನ್ನಡಿಗೆ ಸಿಕ್ಕಿಸಿ ಬಂದಿದ್ದವ, ವಾದಕ್ಕೆ ನಿಂತ. "ನಮ್ಮ ಹೊಟ್ಟಿ, ನಮ್ಮ ರೊಕ್ಕ. ಏನ್ ತಿನಬೇಕು ಅಂತ ಸರಕಾರ ಹೇಳೂದ್ ಏನ್ರಿ ಸರ?" ಅರ್ಧ ಒಪ್ಪುತ್ತೇನೆ ಮಾರಾಯ ಎಂದೆ. ನನಗೆ ಬಿಪಿ ಇದೆ, ಉಪ್ಪು ಕಡಿಮೆ ಮಾಡು ಎಂದು ಡಾಕ್ಟರ್ ಹೇಳಿ ಹೇಳಿ ಸೋತಿದ್ದಾರೆ. ಆದರೂ ಈ ಪ್ಲೇಟಿನ ಸೋಯಾ ಸಾಸು, ಮೈದಾ, ಅಜಿನೊಮೊಟೊ ಎಲ್ಲ ಕಣ್ಣಾರೆ ನೋಡಿ, ಬೇಕೆಂದೇ ತಿನ್ನುತ್ತಿದ್ದೇನೆ. ನಾಳೆ ಯಾವುದೋ ಇಲಾಖೆಯವರು ಬಂದು ನಿನಗೆ ಬಿಪಿ, ಹಾಫ್ ಮಾತ್ರ ತಿನ್ನು ಎಂದರೆ ಜಗಳಕ್ಕೆ ನಾನೇ ಮುಂದೆ. ಸಿಗರೇಟು ಕೊಳ್ಳುವ ವಯಸ್ಸನ್ನು ನಮ್ಮ ರಾಜ್ಯದಲ್ಲಿ 18ರಿಂದ 21ಕ್ಕೆ ಏರಿಸಿದ್ದೂ ನನಗೆ ಪೂರ್ತಿ ಗಂಟಲಲ್ಲಿ ಇಳಿದಿಲ್ಲ. ಹತ್ತೊಂಬತ್ತರ ನನ್ನ ಮಗ ಎಂಎಲ್‌ಎ ಆರಿಸಬಹುದು, ಬೀಡಿ ಆರಿಸುವಂತಿಲ್ಲ. (ಅವನು ಸೇದದಿರಲಿ ಎಂಬುದು ಅಪ್ಪನ ಆಸೆ. ಅದು ಬೇರೆ ಮಾತು.)

ಆದರೆ ಬಣ್ಣದ್ದು ಹಾಗಲ್ಲವಲ್ಲ. ಅದನ್ನು ನಾನು ಆರಿಸಿಕೊಂಡಿರಲಿಲ್ಲ. ಮೆನು ಬೋರ್ಡಿನಲ್ಲಿ "ಗೋಬಿ 60, ಕಾರ್ಮೋಸಿನ್ ಸಹಿತ" ಎಂದು ಯಾರಾದರೂ ಬರೆದಿದ್ದರೇ? ಬರೆದಿದ್ದರೆ ನನ್ನ ಹೊಟ್ಟೆ ನನ್ನ ಇಷ್ಟ ಅನ್ನಬಹುದಿತ್ತು. ಹುಡುಗ "ಬಣ್ಣ ಇಲ್ದ ಟೇಸ್ಟ್ ಬರಂಗಿಲ್ಲ ಬಿಡ್ರಿ" ಎಂದು ನಕ್ಕ, ಫುಲ್ ಪ್ಲೇಟು ಖಾಲಿ ಮಾಡಿ ಹೋದ. ಹೋಗುವಾಗಲೂ ಹೆಲ್ಮೆಟ್ಟು ಕನ್ನಡಿಗೇ ನೇತಾಡುತ್ತಿತ್ತು.

ಇನ್ನು ಈ ಗಾಡಿಯ ತಪ್ಪುಗಳು. ಎಣ್ಣೆ. ಸಂಜೆ ಆರಕ್ಕೆ ಹೋದರೆ ಬಾಣಲೆಯ ತಳ ಕಾಣುತ್ತದೆ, ಒಂಬತ್ತರ ಮೇಲೆ ಹೋದರೆ ಕಾಫಿ ಡಿಕಾಕ್ಷನ್. ಕರಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್, ಅಂದರೆ ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಹೆಚ್ಚುವ ಅಂಶ, 25 ಪರ್ಸೆಂಟ್ ದಾಟಬಾರದು ಎಂಬ ನಿಯಮ 2018ರಿಂದ ಇದೆ. ಅದನ್ನು ಅಳೆಯುವ ಮೀಟರ್ ಹಿಡಿದುಕೊಂಡು ಈ ಬೀದಿಗೆ ಬಂದವರನ್ನು ಮಾತ್ರ ನಾನು ಕಂಡಿಲ್ಲ. ಇದನ್ನು ಕೇಳಿದ್ದಕ್ಕೆ ಗಾಡಿಯವ ನನ್ನನ್ನೇ ಇನ್ಸ್‌ಪೆಕ್ಟರ್ ಎಂದುಕೊಂಡು ಒಂದು ತುಂಡು ಜಾಸ್ತಿ ಹಾಕಿದ.

ಎರಡನೆಯದು ಇನ್ನೂ ತಮಾಷೆ. ಗಾಡಿಯ ಮುಂದೆ "ನಮ್ಮಲ್ಲಿ ಕಲರ್ ಬಳಸುವುದಿಲ್ಲ" ಎಂಬ ದೊಡ್ಡ ಬೋರ್ಡು. ಅದರ ಕೆಳಗೇ ಬಿಸಿಬಿಸಿ ಗೋಬಿಯನ್ನು ಹಳೆಯ ಪೇಪರಿನಲ್ಲಿ ಕಟ್ಟಿಕೊಡುತ್ತಾನೆ. ಮನೆಗೆ ಒಯ್ದು ಬಿಚ್ಚಿದರೆ ಒಂದು ತುಂಡಿನ ಮೇಲೆ ಯಾವುದೋ ಟೆಂಡರ್ ಜಾಹೀರಾತಿನ ಅಕ್ಷರ ತಿರುವುಮುರುವಾಗಿ ಮೂಡಿತ್ತು. ಪೇಪರಿನಲ್ಲಿ ತಿಂಡಿ ಕಟ್ಟಬಾರದೆಂದೂ ನಿಯಮ ಇದೆಯಪ್ಪಾ ಎಂದೆ. "ಅದೂ ಕಲರ್ ಏನ್ರಿ ಅಣ್ಣಾರ? ಕರೀದೈತಿ" ಎಂದ.

ರುಚಿಗೆ ಐದಕ್ಕೆ ನಾಲ್ಕೂವರೆ, ಎಣ್ಣೆಗೆ ಎರಡು. ಏಳರೊಳಗೆ ಹೋಗಿ, ನಿಂತೇ ತಿನ್ನಿ. ಪಾರ್ಸಲ್ ಬೇಕಾದರೆ ಮನೆಯಿಂದ ಡಬ್ಬಿ ಒಯ್ಯಿರಿ, ಐದು ರೂಪಾಯಿ ಕಡಿಮೆ ತಗೊಳ್ಳುತ್ತಾನೆ. ಕೇಳಿದರೆ ಮಾತ್ರ.