ಸುರಪುರದಿಂದ ಬೋನಾಳ ಕೆರೆಗೆ ಟಂಟಂ: ಹೋಗೋದು ಸಲೀಸು, ವಾಪಸ್ ಬರೋದೇ ಪಜೀತಿ

ಮೊದಲೆಲ್ಲ ಚಳಿಗಾಲ ಬಂತೆಂದರೆ ಹಕ್ಕಿ ನೋಡಲು ಯಾದಗಿರಿಯಿಂದ ಬೈಕ್ ಹತ್ತಿ ಬೋನಾಳ ಕೆರೆಗೆ ಹೋಗಿಬಿಡುತ್ತಿದ್ದೆ. ಈಗ ಮೊಣಕಾಲು ಕೇಳುವುದಿಲ್ಲ. ಹಾಗಾಗಿ ಡಿಸೆಂಬರಿನಲ್ಲಿ ಸುರಪುರದವರೆಗೆ ಬಸ್ಸು, ಅಲ್ಲಿಂದ ಟಂಟಂ, ಅಂದರೆ ಶೇರ್ ಆಟೋ.

ಸೀಟ್ ಫುಲ್ ಆಗದೆ ಟಂಟಂ ಅಲ್ಲಾಡುವುದಿಲ್ಲ, ಗೊತ್ತಲ್ವಾ. “ಇನ್ನ ಇಬ್ರು ಬರ್ಲಿ ರೀ ಕಾಕಾ, ಬಿಟ್ಟೇ ಬಿಡ್ತೀನಿ” ಅಂದ ಹುಡುಗ. ಐದು ಜನ ಬಂದರು, ಜೊತೆಗೆ ಒಂದು ಗೊಬ್ಬರದ ಚೀಲ. ನಲವತ್ತು ನಿಮಿಷ ಕಾದೆ. ಡ್ರೈವರ್ ಪಕ್ಕ ಅರ್ಧ ಸೀಟಿನ ಮೇಲೆ ನಾನು, ಉಳಿದರ್ಧ ಗಾಳಿಯಲ್ಲಿ. ಆದರೆ ಗಾಡಿ ನಿಧಾನಕ್ಕೆ ಓಡಿಸಿದ, ಹಾಡು ಜೋರಾಗಿ ಹಚ್ಚಲಿಲ್ಲ. 30 ರೂಪಾಯಿ ಕೇಳಿದ, ಚಿಲ್ಲರೆ ವಾಪಸ್ ಕೊಟ್ಟ. ಇಲ್ಲಿಯವರೆಗೆ ಏನೂ ತಕರಾರಿಲ್ಲ.

ದಾರಿಯುದ್ದಕ್ಕೂ ಎರೆ ಹೊಲ. ಮಳೆಗಾಲದಲ್ಲಿ ಈ ಮಣ್ಣು ಬಂಡಿ ಗಾಲಿಗೆ ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತಿತ್ತಂತೆ. ಕೋಲು ಹಿಡಿದು ಕೆರೆಯುತ್ತಾ ಹೋಗಬೇಕಿತ್ತು ಅಂತ ಅಪ್ಪ ಹೇಳುತ್ತಿದ್ದರು. ಸುರಪುರ ಸೀಮೆ ಇರುವುದೇ ಕೃಷ್ಣಾ, ಭೀಮಾ ಎರಡರ ನಡುವೆ. ಸೇತುವೆ ಇಲ್ಲದ ಕಾಲದಲ್ಲಿ ಹೊಳೆ ದಾಟಲು ಹರಿಗೋಲೇ ಗತಿ. ಯಾದಗಿರಿ ಮೇಲೆ ಹಾದು ಮುಂಬೈ–ರಾಯಚೂರು ರೈಲು ಹಾದಿ 1871ರಲ್ಲೇ ಕೂಡಿಕೊಂಡಿತು, ಆದರೆ ಅದು ಭೀಮಾ ಆಚೆ ದಂಡೆಗೆ. ಸುರಪುರದವರು ಯಾದಗಿರಿಯಲ್ಲಿ ರೈಲು ಹಿಡಿಯಲು ಇವತ್ತಿಗೂ ಹೊಳೆ ದಾಟಬೇಕು. ಗದಗ–ವಾಡಿ ಹೊಸ ಮಾರ್ಗ ಸುರಪುರದ ಮೇಲೆ ಹೋಗಲಿದೆ. 2025ರಲ್ಲಿ ಆ ಕಡೆಯಿಂದ ರೈಲು ಕುಷ್ಟಗಿವರೆಗೆ ಬಂತು. ಸುರಪುರಕ್ಕೆ ಬರುವ ತನಕ ನನ್ನ ಮೊಣಕಾಲು ತಡೆದರೆ ನೋಡೋಣ.

ಕೆರೆ ಸುರಪುರದ ನಾಯಕ ಅರಸರ ಕಾಲದ್ದು. ಆಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರದಲ್ಲಿದ್ದಾಗ ದುರಸ್ತಿ ಮಾಡಿಸಿದ. ಏರಿ ಮೇಲೆ ನಿಂತರೆ ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತದ ಗದ್ದೆ. ಪಟ್ಟೆ ತಲೆಯ ಹೆಬ್ಬಾತುಗಳು ಬಂದಿದ್ದವು. ಹಿಮಾಲಯ ದಾಟಿ ಬರುವ ಹಕ್ಕಿ. ಬಿಳಿ ತಲೆ, ಹಿಂದೆ ಎರಡು ಕಪ್ಪು ಗೆರೆ, ಯಾರೋ ಕಾಡಿಗೆ ಬೆರಳಿನಿಂದ ಎಳೆದ ಹಾಗೆ. ದಂಡೆಯಲ್ಲಿ ಹುಲ್ಲು ಮೇಯುತ್ತಿದ್ದವು. ಒಂದು ನಾಯಿ ಬಂತು. ಅಷ್ಟೂ ಕತ್ತು ಒಟ್ಟಿಗೆ ಮೇಲೆದ್ದವು. ನಾಯಿ ಸುಮ್ನೆ ನೀರು ಕುಡಿದು ಹೋಯಿತು, ಕತ್ತುಗಳು ಒಂದೊಂದಾಗಿ ಕೆಳಗಿಳಿದವು.

ಈಗ ತಕರಾರು. ಹಕ್ಕಿ ನೋಡಬೇಕಾದರೆ ಬೆಳಿಗ್ಗೆ ಬೇಗ ಇರಬೇಕು, ಇಲ್ಲ ಹೊತ್ತು ಮುಳುಗುವ ತನಕ ಇರಬೇಕು. ಟಂಟಂ ಓಡುವುದು ಪ್ಯಾಟಿಗೆ ಹೋಗಿ ಬರುವವರ ಲೆಕ್ಕದಲ್ಲಿ. ನಾಲ್ಕೂವರೆ ಆದ ಮೇಲೆ ಒಂದೂ ಸಿಗಲಿಲ್ಲ. “ಐದಕ್ಕ ಬರ್ತೀನಿ ಕಾಕಾ” ಅಂತ ನಂಬರ್ ಕೊಟ್ಟು ಹೋದವನ ಫೋನು ಸ್ವಿಚ್ ಆಫ್. ಆರು ಗಂಟೆಗೆ ಗುಂಯ್ ಅಂತ ಸೊಳ್ಳೆ.

ಐದಕ್ಕೆ ಎರಡೂವರೆ ಕೊಡುತ್ತೇನೆ, ಆ ಅರ್ಧ ಹುಡುಗನ ಡ್ರೈವಿಂಗಿಗೆ. ಹೋಗುವವರು ನಾಲ್ಕು ಜನ ಸೇರಿಕೊಂಡು ಪೂರಾ ಗಾಡಿ ಮಾತಾಡಿಕೊಳ್ಳಿ. ಅರ್ಧ ದುಡ್ಡು ಮಾತ್ರ ಮೊದಲು ಕೊಡಿ, ಉಳಿದದ್ದು ಸುರಪುರದಲ್ಲಿ ಇಳಿದ ಮೇಲೆ. ನೀರು, ತಿನ್ನಲು ಏನಾದರೂ ಕಟ್ಟಿಕೊಂಡು ಹೋಗಿ.

ನಾನು ವಾಪಸ್ ಬಂದಿದ್ದು ಟ್ರ್ಯಾಕ್ಟರಿನಲ್ಲಿ, ಹತ್ತಿ ಚೀಲಗಳ ಮೇಲೆ ಕೂತು. ಟಂಟಂ ಸೀಟಿಗಿಂತ ಮೆತ್ತಗಿತ್ತು.